ಬಿಚ್ಚಲಿ ಬಿಡಿ, ಕೊಯ್ಯಲು ಬಿಡಬೇಡಿ

ಹೋದ ದಸರಾ ರಜೆಯಲ್ಲಿ ಒಂದು ಬೆಳಿಗ್ಗೆ ಪರಿಚಯದವರೊಬ್ಬರು ಫೋನ್ ಮಾಡಿದರು. ದನಿ ಕೇಳಿದರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅನ್ನಿಸಬೇಕು, ಹಾಗಿತ್ತು. “ಮೇಷ್ಟ್ರೇ, ಮಗ ಒಂದು ಹಳೇ ಯೆಜ್ಡಿ ತಂದು ಪೋರ್ಟಿಕೋ ತುಂಬ ಹರವಿಕೊಂಡು ಕೂತಿದ್ದಾನೆ. ಕಫೆ ರೇಸರೋ ಏನೋ ಮಾಡ್ತಾನಂತೆ. ಒಂದ್ಸಲ ಬಂದು ಬುದ್ಧಿ ಹೇಳಿ” ಅಂದರು.

ಹೋದೆ. ಹುಡುಗ ಚಕ್ಕಂಬಕ್ಕಳ ಹಾಕಿಕೊಂಡು ಕಾರ್ಬೊರೇಟರ್ ಬಿಚ್ಚುತ್ತಿದ್ದ. ಕೆಳಗೆ ಹಳೇ ದಿನಪತ್ರಿಕೆ, ಪಕ್ಕದಲ್ಲಿ ಅಡುಗೆಮನೆಯಿಂದ ವಜಾ ಆದ ಇಡ್ಲಿ ತಟ್ಟೆ. ಒಂದೊಂದು ಗುಳಿಯಲ್ಲಿ ಒಂದೊಂದು ಭಾಗದ ಸ್ಕ್ರೂ, ವಾಷರು. ಯಾವ ಗುಳಿ ಯಾವುದರದು ಅಂತ ಮಾರ್ಕರ್ ಪೆನ್ನಿನಲ್ಲಿ ಬರೆದ ಚೀಟಿ. ಪ್ರತಿ ಸ್ಕ್ರೂ ತಿರುಗಿಸುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ. ಇಪ್ಪತ್ತೆಂಟು ವರ್ಷ ಐಟಿಐ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿಸಿದವನು ನಾನು. ಎರಡನೇ ವರ್ಷದವರೂ ಇಷ್ಟು ಒಪ್ಪವಾಗಿ ಇಡುತ್ತಿರಲಿಲ್ಲ.

ಅಷ್ಟರಲ್ಲಿ ಅಪ್ಪ ಒಳಗಿನಿಂದ ಬಂದರು. ಕೈಯಲ್ಲಿ ಆಂಗಲ್ ಗ್ರೈಂಡರು. ಬಿಲ್ಡಿಂಗ್ ಕಂಟ್ರಾಕ್ಟರ್ ಅವರು, ಸೈಟಿನಿಂದ ತಂದಿದ್ದಾರೆ. “ಹಿಂದಿನ ಫ್ರೇಮು ಕಟ್ ಮಾಡಬೇಕಂತೆ, ಬೇಗ ಮುಗಿಸಿಬಿಡಲಿ ಅಂತ” ಅಂದರು. ಆ ಗ್ರೈಂಡರಿನ ಡಿಸ್ಕಿನ ಮೇಲಿರಬೇಕಾದ ಗಾರ್ಡು ಕೂಡ ಇರಲಿಲ್ಲ. ಬುದ್ಧಿ ಹೇಳಬೇಕಾದ್ದು ಯಾರಿಗೆ ಅಂತ ನನಗೆ ಅಲ್ಲೇ ಗೊತ್ತಾಯಿತು.

ಹಳೇ ಬೈಕನ್ನು ಮನೆಯಲ್ಲಿ ಬಿಚ್ಚಿ ತನಗೆ ಬೇಕಾದ ಹಾಗೆ ಮಾಡಿಕೊಳ್ಳುವ ಆಸೆ ನಿಮ್ಮ ಮಗನಿಗೋ ಮಗಳಿಗೋ ಬಂದಿದ್ದರೆ, ನಾನು ಕೇಳಿಕೊಳ್ಳುವುದು ಇಷ್ಟೇ. ಬಿಚ್ಚುವುದಕ್ಕೆ ಅಡ್ಡ ಬರಬೇಡಿ. ಕೊಯ್ಯುವುದಕ್ಕೆ ಮಾತ್ರ ಬಿಡಬೇಡಿ. ಬಿಚ್ಚಿದ್ದು ತಪ್ಪಾದರೆ ನಾಳೆ ಮತ್ತೆ ಕೂಡಿಸಬಹುದು. ಕೊಯ್ದದ್ದನ್ನು ವೆಲ್ಡ್ ಮಾಡಿದರೂ ಅದು ಕೊಯ್ದದ್ದೇ. ಕಾನೂನು ತಕರಾರು ತೆಗೆಯುವುದೂ ಹೆಚ್ಚಾಗಿ ಈ ಕೊಯ್ದ ಕಡೆಯಲ್ಲೇ.

ನಮ್ಮ ಊರಿನಲ್ಲಿ ಈ ಹುಚ್ಚು ಹೊಸದಲ್ಲ. ಜೆಕ್ ದೇಶದ ಜಾವಾ ಬೈಕನ್ನು ಇಲ್ಲಿ ತಯಾರಿಸಲು ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿತ್ತು. 1961ರಲ್ಲಿ ಉತ್ಪಾದನೆ ಶುರುವಾಯಿತು, 1973ರಿಂದ ಗಾಡಿಯ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಬಾಗಿಲು ಬಿತ್ತು. ಅದೇ ವರ್ಷ, ಎಂಬತ್ತರ ದಶಕದ ಹುಡುಗರ ಇನ್ನೊಂದು ಮೋಹ ಯಮಹಾ ಆರ್‌ಎಕ್ಸ್ 100 ಕೂಡ ನಿಂತಿತು. ಅದು ಬಂದದ್ದು 1985ರಲ್ಲಿ. ಈಗ ನಿಮ್ಮ ಮಕ್ಕಳು ಹುಡುಕುವುದು ಬಹುಪಾಲು ಇವೆರಡನ್ನೇ, ಇಲ್ಲದಿದ್ದರೆ ಹಳೇ ಬುಲೆಟ್ಟು. ಅಂದರೆ ಕೈಗೆ ಬರುವ ಗಾಡಿಗೆ ಕಡಿಮೆಯೆಂದರೂ ಮೂವತ್ತು ವರ್ಷ ವಯಸ್ಸು, ಎಷ್ಟೋ ಸಲ ಅಪ್ಪನ ವಯಸ್ಸು. ಹೊಸ ಗಾಡಿಯ ಎಂಜಿನ್ನಿಗೆ ಕಂಪ್ಯೂಟರ್ ಹಚ್ಚದೆ ಏನೂ ತಿಳಿಯುವುದಿಲ್ಲ. ಇವುಗಳಲ್ಲಿ ಹಾಗಲ್ಲ. ಪೆಟ್ರೋಲು, ಗಾಳಿ, ಕಿಡಿ ಮೂರೂ ಕಣ್ಣಿಗೆ ಕಾಣುತ್ತವೆ. ಜಾವಾದಲ್ಲಂತೂ ಒಂದೇ ಲಿವರ್ ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರು, ವಾಪಸ್ ಇಳಿಸಿದರೆ ಗೇರು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಪುಸ್ತಕ ನನಗೆ ಗೊತ್ತಿಲ್ಲ.

ಹಣ ಕೊಡುವ ಮುಂಚೆ ಅಪ್ಪ ಅಮ್ಮ ಮಾಡಬೇಕಾದ ಕೆಲಸ ಒಂದಿದೆ. ಮಕ್ಕಳು ಅದನ್ನು ಮಾಡುವುದಿಲ್ಲ. ಅವರ ಕಣ್ಣು ಟ್ಯಾಂಕಿನ ಆಕಾರದ ಮೇಲಿರುತ್ತದೆ. ಆರ್‌ಸಿ ಕೈಯಲ್ಲಿ ಹಿಡಿದು ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂರಿ. ಹ್ಯಾಂಡಲಿನ ಕೆಳಗೆ ಫ್ರೇಮಿನ ಕುತ್ತಿಗೆಯ ಹತ್ತಿರ ಛಾಸಿ ನಂಬರು ಹೊಡೆದಿರುತ್ತದೆ, ಎಂಜಿನ್ ಮೇಲೆ ಎಂಜಿನ್ ನಂಬರು. ಬಣ್ಣ ಮುಚ್ಚಿದ್ದರೆ ಥಿನ್ನರ್ ಹಾಕಿದ ಬಟ್ಟೆಯಲ್ಲಿ ಒರೆಸಿ ಒಂದೊಂದು ಅಂಕಿಯನ್ನೂ ಆರ್‌ಸಿಗೆ ತಾಳೆ ನೋಡಿ. ಉಜ್ಜಿ ಮತ್ತೆ ಹೊಡೆದ ಹಾಗೆ ಕಂಡರೆ ಎದ್ದು ಬಂದುಬಿಡಿ. “ಆರ್‌ಸಿ ಕಳೆದುಹೋಗಿದೆ ಸಾರ್, ಆಮೇಲೆ ಮಾಡಿಸ್ಕೊಡ್ತೀನಿ” ಅನ್ನುವ ಗಾಡಿ ಎಷ್ಟೇ ಅಗ್ಗವಾಗಿದ್ದರೂ ಅದು ಲೋಹದ ತೂಕಕ್ಕೆ ಕೊಂಡ ಗುಜರಿಯೇ. ರಸ್ತೆಗೆ ಇಳಿಯುವ ಯೋಗ ಅದಕ್ಕಿಲ್ಲ.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಎಷ್ಟೋ ಹಳೇ ಗಾಡಿಗಳ ನವೀಕರಣ ಹತ್ತಿಪ್ಪತ್ತು ವರ್ಷದಿಂದ ಬಾಕಿ ಇರುತ್ತದೆ. ಮಾರುವವರು ಇದನ್ನು ತಾವಾಗಿ ಹೇಳುವುದಿಲ್ಲ, ಕೇಳಬೇಕು. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿಯ ಎನ್‌ಒಸಿ ಬೇಕು. ಹೆಸರು ಬದಲಾವಣೆಯ 29 ಮತ್ತು 30ನೇ ನಮೂನೆಗಳಿಗೆ ಮಾರುವವರ ಸಹಿಯನ್ನು ಹಣ ಕೊಟ್ಟ ದಿನವೇ ಹಾಕಿಸಿಕೊಳ್ಳಿ. ಮೊದಲ ಮಾಲೀಕರು ತೀರಿಕೊಂಡಿದ್ದು ಮಕ್ಕಳು ಮಾರುತ್ತಿದ್ದರೆ ಗಾಡಿ ಮೊದಲು ಅವರ ಹೆಸರಿಗೆ ಬರಲಿ. ನನ್ನ ಮೊದಲ ಜಾವಾದಲ್ಲಿ ಈ ತಪ್ಪು ನಾನೇ ಮಾಡಿದೆ. ಆ ಮನೆಯ ನಾಲ್ಕು ಜನ ಅಣ್ಣತಮ್ಮಂದಿರ ಸಹಿಗಾಗಿ ಎರಡು ವರ್ಷ ಅಲೆದೆ. ಗಾಡಿ ಅಷ್ಟೂ ದಿನ ಗೋಣಿಚೀಲ ಹೊದ್ದು ನಿಂತಿತ್ತು.

ಇನ್ನು ಕೊಯ್ಯುವ ವಿಷಯ. ಕಫೆ ರೇಸರ್, ಬಾಬ್ಬರ್, ಸ್ಕ್ರ್ಯಾಂಬ್ಲರ್ ಅಂತ ಮಕ್ಕಳು ತೋರಿಸುವ ಚಿತ್ರಗಳಲ್ಲಿ ಬಹುಪಾಲು ಗಾಡಿಗಳ ಹಿಂಭಾಗ ಮೊಟಕಾಗಿರುತ್ತದೆ. ಸೀಟಿನ ಕೆಳಗಿನ ಫ್ರೇಮಿನ ಕೊಳವೆಯನ್ನು ಕತ್ತರಿಸಿ, ಬಾಗಿಸಿದ ಇನ್ನೊಂದು ಕೊಳವೆ ಬೆಸೆದಿರುತ್ತಾರೆ. ನೋಡಲು ಚೆಂದ. ಆದರೆ ಹಿಂದಿನ ಶಾಕ್ ಅಬ್ಸಾರ್ಬರುಗಳ ಮೇಲ್ತುದಿ ಕೂರುವುದೂ ಸರಿಸುಮಾರು ಅಲ್ಲೇ. ಹಳ್ಳಕ್ಕೆ ಚಕ್ರ ಬಿದ್ದಾಗ ಸವಾರನ ಭಾರವೆಲ್ಲ ಬಂದು ಬೀಳುವ ಜಾಗ ಅದು. ಬೆಸುಗೆ ಮೇಲೆ ನುಣ್ಣಗೆ ಕಂಡು ಒಳಗೆ ಹಿಡಿಯದೇ ಇರಬಹುದು. ಗ್ರೈಂಡ್ ಮಾಡಿ ಬಣ್ಣ ಬಳಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಒಳ್ಳೆಯ ಬೆಸುಗೆಯ ಪಕ್ಕದಲ್ಲೂ ಕಾದು ತಣಿದ ಲೋಹ ಮೊದಲಿನಂತೆ ಇರುವುದಿಲ್ಲ. ವರ್ಕ್‌ಶಾಪಿನಲ್ಲಿ ಹುಡುಗರು ಬೆಸೆದ ತುಂಡನ್ನು ವೈಸಿಗೆ ಕಚ್ಚಿಸಿ ಸುತ್ತಿಗೆಯಲ್ಲಿ ಹೊಡೆದು ತೋರಿಸುತ್ತಿದ್ದೆ. ಮೊದಲ ವರ್ಷದವರ ಬೆಸುಗೆ ಎರಡೇ ಏಟಿಗೆ ಬಿಸ್ಕತ್ತಿನ ಹಾಗೆ ಮುರಿಯುತ್ತಿತ್ತು.

ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುವುದೂ ಇದನ್ನೇ. ಆರ್‌ಸಿಯಲ್ಲಿರುವ ವಿವರ ಕಂಪನಿ ತಯಾರಿಸಿದಾಗಿನ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ಪ್ರಕಾರ, ಒಪ್ಪಿಗೆಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಮಾಲೀಕರು ಅಂದರೆ ಆರ್‌ಸಿಯಲ್ಲಿ ಹೆಸರಿರುವವರು. ಎಷ್ಟೋ ಮನೆಗಳಲ್ಲಿ ಅದು ಅಪ್ಪನ ಹೆಸರೇ. ಬಣ್ಣ ಬದಲಿಸಿಕೊಳ್ಳಬಹುದು, ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ನಮೂದಿಸಿಕೊಂಡರೆ ಸರಿ. ಸೀಟಿನ ಹೊದಿಕೆ, ಹ್ಯಾಂಡಲಿನ ಗ್ರಿಪ್ಪು, ಕನ್ನಡಿ, ಕ್ರೋಮ್ ಪಾಲಿಶ್ ಇವುಗಳ ತಂಟೆಗೆ ಯಾರೂ ಬರುವುದಿಲ್ಲ. ಫ್ರೇಮು, ಎಂಜಿನ್ನು, ಸೈಲೆನ್ಸರು ಮುಟ್ಟಿದರೆ ತಕರಾರು.

ಈ ಮಾತು ಹೇಳಿದರೆ ಹದಿನೆಂಟರ ಹುಡುಗ ಕೇಳುತ್ತಾನೆಯೇ? ದಂಡಕ್ಕೆ ಅವನು ಹೆದರುವುದಿಲ್ಲ. ನಾನು ಅವನಿಗೆ ಬೇರೆ ಲೆಕ್ಕ ಹೇಳುತ್ತೇನೆ. ಮೊದಲ ನೋಂದಣಿಯಾಗಿ 50 ವರ್ಷ ಆದ, ಮೂಲರೂಪದಲ್ಲೇ ಉಳಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಿಕೊಳ್ಳಲು 2021ರಿಂದ ನಿಯಮವಿದೆ. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರಗಳೇ ಬರುತ್ತವೆ. ದಿನಾ ಓಡಿಸಲು ಅದು ಆಗುವುದಿಲ್ಲ, ಮೆರವಣಿಗೆ ಪ್ರದರ್ಶನಕ್ಕೆ ಸರಿ. ಎಪ್ಪತ್ತರ ದಶಕದ ಜಾವಾಗಳು ಒಂದೊಂದಾಗಿ ಈಗ ಐವತ್ತರ ಗಡಿ ದಾಟುತ್ತಿವೆ. ಫ್ರೇಮು ಕೊಯ್ದ ಗಾಡಿ ಆ ಸಾಲಿಗೆ ಎಂದೂ ಬರುವುದಿಲ್ಲ. “ಮೂಲ ಭಾಗ ಒಂದನ್ನೂ ಗುಜರಿಗೆ ಹಾಕಬೇಡ, ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡು. ಸೀಟು ಬೇಕಾದರೆ ಬೋಲ್ಟಿನಲ್ಲಿ ಕೂರುವ ಹಾಗೆ ಬೇರೆ ಮಾಡಿಸು, ಬೇಡ ಅನ್ನಿಸಿದ ದಿನ ಬಿಚ್ಚು” ಅಂದರೆ ಹುಡುಗರಿಗೆ ಅರ್ಥವಾಗುತ್ತದೆ. ಬೋಲ್ಟಿನಲ್ಲಿ ಕೂರಿಸುವುದು ಕೊಯ್ಯುವುದಕ್ಕಿಂತ ಕಷ್ಟದ ಕೆಲಸ. ಅಳತೆ ತೆಗೆಯಬೇಕು, ರಟ್ಟಿನಲ್ಲಿ ಮಾದರಿ ಕತ್ತರಿಸಬೇಕು, ಲೇತ್ ಅಂಗಡಿಗೆ ನಾಲ್ಕು ಸಲ ಓಡಾಡಬೇಕು. ವಿದ್ಯೆ ಬರುವುದೇ ಆ ಓಡಾಟದಲ್ಲಿ.

ಮನೆಯಲ್ಲಿ ಜಾಗ ಎಲ್ಲಿ ಕೊಡುವುದು? ತೆರೆದ ಪೋರ್ಟಿಕೋ ಉತ್ತಮ, ಶೀಟು ಹಾಕಿದ ಹಿತ್ತಿಲಾದರೂ ಆಯಿತು. ಮೆಟ್ಟಿಲ ಕೆಳಗಿನ ಗೂಡು, ಶಟರ್ ಎಳೆದುಕೊಳ್ಳುವ ಕಾರ್ ಷೆಡ್ಡು ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ನೆಲದ ಮೇಲೆ ಹರಿಯುತ್ತದೆ, ತಗ್ಗು ಹುಡುಕಿಕೊಂಡು ಹೋಗುತ್ತದೆ. ಮೂಸಿದಾಗ ವಾಸನೆ ಬರದಿದ್ದರೂ ಪಾದದ ಹತ್ತಿರ ಇರಬಹುದು. ಮನೆಯಲ್ಲಿ ನೆಲದ ಮಟ್ಟದ ಬೆಂಕಿ ಯಾವುದು ಯೋಚಿಸಿ. ತುಳಸಿಕಟ್ಟೆಯ ದೀಪ, ಹೊಸ್ತಿಲ ಬಳಿಯ ಹಣತೆ, ನೀರೊಲೆ, ಪಕ್ಕದ ಬಚ್ಚಲಿನ ಗ್ಯಾಸ್ ಗೀಸರು. ಟ್ಯಾಂಕು ಕಾರ್ಬೊರೇಟರು ಬಿಚ್ಚುವ ದಿನ ಇವೆಲ್ಲ ಆರಿರಲಿ. ಅಮ್ಮಂದಿರಿಗೆ ಸಂಜೆ ದೀಪ ಹಚ್ಚದೆ ಇರುವುದು ಕಷ್ಟ. ಹಾಗಾದರೆ ಪೆಟ್ರೋಲಿನ ಕೆಲಸ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ ಮುಗಿಯಬೇಕು ಅಂತ ಮಗನ ಹತ್ತಿರ ಒಪ್ಪಂದ ಮಾಡಿಕೊಳ್ಳಿ.

ಖಾಲಿ ಟ್ಯಾಂಕಿನ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಪೆಟ್ರೋಲು ಬಸಿದ ಟ್ಯಾಂಕು ಸುರಕ್ಷಿತ ಅಂತ ಎಲ್ಲರೂ ತಿಳಿಯುತ್ತಾರೆ. ಉಲ್ಟಾ. ತುಂಬಿದ ಟ್ಯಾಂಕಿನೊಳಗೆ ಗಾಳಿ ಕಡಿಮೆ. ಬಸಿದ ಟ್ಯಾಂಕಿನಲ್ಲಿ ಆವಿಯೂ ಗಾಳಿಯೂ ಸೇರಿ ಸಿಡಿಯುವುದಕ್ಕೆ ಹದವಾದ ಮಿಶ್ರಣ ನಿಂತಿರುತ್ತದೆ. ಗಾಳಿಯಲ್ಲಿ ಶೇಕಡ ಒಂದೂವರೆಯಷ್ಟು ಆವಿ ಇದ್ದರೂ ಕಿಡಿ ಸಾಕು. ತೂತು ಮುಚ್ಚಿಸಲು ತುಕ್ಕು ಹಿಡಿದ ಟ್ಯಾಂಕನ್ನು ಮನೆಯಲ್ಲಿ ಗ್ರೈಂಡರು, ವೆಲ್ಡಿಂಗಿನ ಹತ್ತಿರಕ್ಕೂ ಒಯ್ಯಬಾರದು. ಟ್ಯಾಂಕಿನ ಕೆಲಸವನ್ನೇ ಮಾಡುವ ಟಿಂಕರಿಂಗಿನವರಿಗೆ ಕೊಡಿ. ತೊಳೆದು, ನೀರು ತುಂಬಿಸಿ, ಹೇಗೆ ಮಾಡಬೇಕು ಅವರಿಗೆ ಗೊತ್ತು. ಬಸಿದ ಪೆಟ್ರೋಲನ್ನು ನೀರಿನ ಬಾಟಲಿಯಲ್ಲೋ ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲೋ ಇಡಬೇಡಿ, ಮನೆಗೆ ಬಂದ ನೆಂಟರ ಮಗು ಎತ್ತಿ ಕುಡಿದೀತು. ಕುಡಿದರೆ ವಾಂತಿ ಮಾಡಿಸಲು ಹೋಗಬೇಡಿ, ಪುಪ್ಪುಸಕ್ಕೆ ಇಳಿದರೆ ಇನ್ನೂ ಕೆಟ್ಟದ್ದು. ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಒಂದು ಬಕೆಟ್ ಒಣ ಮರಳು, ಒಂದು ಸಣ್ಣ ಡ್ರೈ ಪೌಡರ್ ಅಗ್ನಿಶಾಮಕ ಸಿಲಿಂಡರು ಗಾಡಿಯ ಪಕ್ಕದಲ್ಲಿರಲಿ. ಪೆಟ್ರೋಲಿನ ಬೆಂಕಿಗೆ ನೀರು ಎರಚಿದರೆ ಬೆಂಕಿ ನೀರಿನ ಮೇಲೆ ತೇಲಿಕೊಂಡು ಮನೆಯೊಳಗೇ ಬರುತ್ತದೆ.

ಎಂಜಿನ್ ಸ್ಟಾರ್ಟ್ ಆದ ದಿನ ಮಕ್ಕಳಿಗೆ ಮೈಮೇಲೆ ಎಚ್ಚರವಿರುವುದಿಲ್ಲ. ಮಳೆ ಬರುತ್ತಿದೆ ಅಂತ ಷೆಡ್ಡಿನೊಳಗೆ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಓಡಿಸುತ್ತಾರೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಆಮೇಲೆ ಮಂಪರು. ಎದ್ದು ಹೊರಗೆ ಬರಬೇಕು ಅನ್ನಿಸುವ ಹೊತ್ತಿಗೆ ಕಾಲು ಬರುವುದಿಲ್ಲ. ಎಂಜಿನ್ ಓಡುವುದಾದರೆ ಗಾಡಿ ಆಕಾಶದ ಕೆಳಗೇ ಇರಬೇಕು.

ಇಷ್ಟಾದರೂ, ನನ್ನ ಸರ್ವಿಸಿನಲ್ಲಿ ಕಣ್ಣಾರೆ ಕಂಡ ಗಾಯಗಳನ್ನು ಲೆಕ್ಕ ಹಾಕಿದರೆ ಬೆಂಕಿಗಿಂತ ಚೈನೇ ಹೆಚ್ಚು. ಗಾಡಿ ಮೇನ್ ಸ್ಟ್ಯಾಂಡಿನ ಮೇಲೆ, ಎಂಜಿನ್ ಸ್ಟಾರ್ಟ್, ಫಸ್ಟ್ ಗೇರು, ಹಿಂದಿನ ಚಕ್ರ ನಿಧಾನವಾಗಿ ತಿರುಗುತ್ತಿರುತ್ತದೆ. ಎಣ್ಣೆ ಬಟ್ಟೆ ಹಿಡಿದರೆ ಚೈನು ತಾನೇ ಒರೆಸಿಕೊಂಡು ಹೋಗುತ್ತದಲ್ಲ ಅನ್ನುವ ಉಪಾಯ ಎಲ್ಲ ಕಲಿಯುವವರಿಗೂ ಹೊಳೆಯುತ್ತದೆ. ಬಟ್ಟೆಯ ಒಂದು ಎಳೆ ಸ್ಪ್ರಾಕೆಟ್ಟಿನ ಹಲ್ಲಿಗೆ ಸಿಕ್ಕರೆ ಬಟ್ಟೆ ಹಿಡಿದ ಬೆರಳೂ ಜೊತೆಗೇ ಹೋಗುತ್ತದೆ. ಕೈ ಎಳೆದುಕೊಳ್ಳಲು ಪುರುಸೊತ್ತೇ ಇರುವುದಿಲ್ಲ. ಚೈನು ಒರೆಸುವಾಗ ಎಂಜಿನ್ ಆಫ್ ಆಗಿ ಕೀಲಿಕೈ ಜೇಬಿನಲ್ಲಿರಬೇಕು, ಗೇರು ನ್ಯೂಟ್ರಲ್ಲಿನಲ್ಲಿರಬೇಕು, ಚಕ್ರವನ್ನು ಕೈಯಲ್ಲೇ ತಿರುಗಿಸಬೇಕು. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದರೂ ಅತಿಯಾಗದು.

ಹಳೇ ಬ್ರೇಕ್ ಶೂಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇದ್ದಿರಬಹುದು. ಡ್ರಮ್ಮು ಬಿಚ್ಚಿದಾಗ ಒಳಗಿನ ಕಪ್ಪು ಪುಡಿಯನ್ನು ಬಾಯಿಂದ ಊದಿ ಹಾರಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಬೇಕು. ಬಣ್ಣ ಸ್ಪ್ರೇ ಮಾಡುವ ಕೆಲಸವನ್ನು, ಅದರಲ್ಲೂ ಹಾರ್ಡನರ್ ಬೆರೆಸುವ ಬಣ್ಣವನ್ನು, ಪೇಂಟ್ ಬೂತ್ ಇರುವವರಿಗೆ ಬಿಡುವುದೇ ಮೇಲು. ಬಟ್ಟೆಯ ಮಾಸ್ಕು ಆ ಆವಿಯನ್ನು ತಡೆಯುವುದಿಲ್ಲ. ಬಸಿದ ಹಳೇ ಎಂಜಿನ್ ಆಯಿಲನ್ನು ಚರಂಡಿಗೆ ಸುರಿಯದೆ ಗ್ಯಾರೇಜಿಗೆ ಕೊಟ್ಟರೆ ಅವರು ಡ್ರಮ್ಮಿಗೆ ಹಾಕಿಕೊಳ್ಳುತ್ತಾರೆ. ಮತ್ತೆ, ಆ ಇಡ್ಲಿ ತಟ್ಟೆ ಯಾವ ಕಾರಣಕ್ಕೂ ಅಡುಗೆಮನೆಗೆ ವಾಪಸ್ ಹೋಗಬಾರದು. ಹೋಗುತ್ತದೆ ಅಂತಲೇ ಹೇಳುತ್ತಿದ್ದೇನೆ.

ಕೆಲಸದ ಕ್ರಮ ಹೇಗಿರಬೇಕು ಅಂತ ಕೇಳುತ್ತಾರೆ. ಮಕ್ಕಳ ಕ್ರಮ ಯಾವಾಗಲೂ ಬಣ್ಣದಿಂದ ಶುರು. ನನ್ನದು ಬ್ರೇಕಿನಿಂದ. ಮೊದಲು ಗಾಡಿ ಕಂಪನಿಯಿಂದ ಬಂದ ಸ್ಥಿತಿಯಲ್ಲಿ ಓಡಬೇಕು, ಅದಕ್ಕಿಂತ ಮುಂಚೆ ನಿಲ್ಲಬೇಕು. ಆಮೇಲೆ ಅಲಂಕಾರ. ಬ್ರೇಕ್ ಶೂ, ಕೇಬಲ್ಲು, ಚಕ್ರದ ಬೇರಿಂಗು, ಟೈರು, ಇಷ್ಟಕ್ಕೆ ಹಣ ಕೇಳಿದರೆ ಚೌಕಾಸಿ ಮಾಡದೆ ಕೊಡಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಒಂದು ಗುರುತಿರುತ್ತದೆ. 2309 ಅಂತಿದ್ದರೆ 2009ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಗುಂಡಿ ಎಷ್ಟೇ ಆಳವಾಗಿ ಕಂಡರೂ ಅದು ಒಣಗಿದ ರಬ್ಬರು, ಮಳೆಯಲ್ಲಿ ಜಾರುತ್ತದೆ. ನಾಲ್ಕಂಕಿಯೇ ಇಲ್ಲದಿದ್ದರೆ ಅದು 2000ನೇ ಇಸವಿಗೂ ಹಿಂದಿನದು, ಮಾತೇ ಬೇಡ. ಚಕ್ರದ ಕಡ್ಡಿಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ಮೀಟಿ ನೋಡಿ. ಬಿಗಿಯಾಗಿದ್ದರೆ ಠಣ್ ಅನ್ನುತ್ತವೆ, ಸಡಿಲವಾದದ್ದು ದಬ್ ಅನ್ನುತ್ತದೆ. ಕಿವಿ ಚೆನ್ನಾಗಿರುವ ಅಜ್ಜಿಯೂ ಈ ಪರೀಕ್ಷೆ ಮಾಡಬಹುದು. ವೀಣೆ ಕಲಿತ ನಮ್ಮ ಮನೆಯವಳು ನನಗಿಂತ ಚೆನ್ನಾಗಿ ಮಾಡುತ್ತಾಳೆ.

ಪೆಟ್ರೋಲಿನ ಪೈಪು, ಕಾರ್ಬೊರೇಟರಿನ ರಬ್ಬರು ಸೀಲುಗಳನ್ನು ಕಣ್ಣು ಮುಚ್ಚಿ ಬದಲಿಸಿ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ. ಮೂವತ್ತು ವರ್ಷದ ಹಿಂದಿನ ರಬ್ಬರು ಅದನ್ನು ತಡೆಯುವುದಿಲ್ಲ, ಉಬ್ಬಿ ಬಿರಿಯುತ್ತದೆ. ಎಥನಾಲ್ ನೀರನ್ನೂ ಹೀರಿಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನ ಜೊತೆ ಬರುವ 2ಟಿ ಆಯಿಲ್ಲೇ ಪಿಸ್ಟನ್ನಿಗೆ ಜೀವ. ಹಳೇ ಜಾವಾ ಯೆಜ್ಡಿಗಳಿಗೆ ಲೀಟರಿಗೆ 30ರಿಂದ 40 ಎಂಎಲ್ ಬೆರೆಸುವ ರೂಢಿ. ಆರ್‌ಎಕ್ಸ್ 100ಕ್ಕೆ ಬೇರೆಯೇ ಆಯಿಲ್ ಟ್ಯಾಂಕು, ಪಂಪು ಇವೆ. ಆಯಿಲ್ ಕಡಿಮೆಯಾದರೆ ಪಿಸ್ಟನ್ನು ಕಚ್ಚಿಕೊಂಡು ಹಿಂದಿನ ಚಕ್ರ ಓಡುತ್ತಿದ್ದಂತೆಯೇ ಸ್ತಂಭಿಸುತ್ತದೆ. ಅದಕ್ಕೇ ಹಳಬರು ಟೂ ಸ್ಟ್ರೋಕ್ ಓಡಿಸುವಾಗ ಎರಡು ಬೆರಳು ಸದಾ ಕ್ಲಚ್ಚಿನ ಮೇಲಿಟ್ಟಿರುತ್ತಿದ್ದರು. ಎಂಜಿನ್ ಹಿಡಿದುಕೊಳ್ಳುತ್ತಿದೆ ಅನ್ನಿಸಿದ ಕ್ಷಣವೇ ಕ್ಲಚ್ ಒತ್ತಬೇಕು. ಇದನ್ನು ಮಕ್ಕಳಿಗೆ ಹೇಳಿಕೊಡುವವರು ಈಗ ಕಡಿಮೆ.

ಸೈಲೆನ್ಸರ್ ವಿಷಯಕ್ಕೆ ಮನೆಮನೆಯಲ್ಲೂ ಜಗಳ. “ಸದ್ದು ಬಂದರೆ ಪವರ್ ಬರುತ್ತೆ” ಅಂತ ಹುಡುಗರ ನಂಬಿಕೆ. ಆರ್‌ಎಕ್ಸ್ 100ರಂಥ ಟೂ ಸ್ಟ್ರೋಕಿನಲ್ಲಿ ಸೈಲೆನ್ಸರ್ ಅನ್ನುವುದು ಅರ್ಧ ಎಂಜಿನ್. ಸುಟ್ಟ ಹೊಗೆ ಹೊರಗೆ ಹೋಗುವ ರಂಧ್ರವೂ ಹೊಸ ಪೆಟ್ರೋಲ್ ಗಾಳಿ ಒಳಗೆ ಬರುವ ರಂಧ್ರವೂ ಒಂದಷ್ಟು ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಆಗ ಹೊಸ ಮಿಶ್ರಣದ ಒಂದು ಪಾಲು ಹೊಗೆಯ ಬೆನ್ನು ಹತ್ತಿ ಹೊರಗೆ ಜಾರುತ್ತದೆ. ಸೈಲೆನ್ಸರಿನ ಒಳಗಿನ ಆಕಾರಕ್ಕೆ ಬಡಿದು ಹಿಂದಿರುಗುವ ಒತ್ತಡದ ಅಲೆ ಅದನ್ನು ಮತ್ತೆ ಸಿಲಿಂಡರಿನೊಳಕ್ಕೆ ದಬ್ಬುತ್ತದೆ. ಆ ಕೊಳವೆಯನ್ನು ಕೊಯ್ದರೆ ಅಲೆ ಹೋಯಿತು, ಪೆಟ್ರೋಲು ಹೋಯಿತು, ಉಳಿಯುವುದು ಸದ್ದು ಮಾತ್ರ. ಬೈಯುವ ಬದಲು ಇದನ್ನೊಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿ. ಎಷ್ಟೋ ಹುಡುಗರು ಅಲ್ಲಿಗೇ ಆಸೆ ಬಿಡುವುದನ್ನು ನೋಡಿದ್ದೇನೆ.

ಹ್ಯಾಂಡಲ್ ಬದಲಾಯಿಸುತ್ತೇನೆ ಅಂದರೆ ಬೇಡ ಅನ್ನುವ ಬದಲು ಒಂದು ಪರೀಕ್ಷೆ ಇಡಿ. ಗಾಡಿ ಸ್ಟ್ಯಾಂಡಿನ ಮೇಲೆ, ಎಂಜಿನ್ ಐಡ್ಲಿಂಗಿನಲ್ಲಿ ಇರಲಿ. ಹ್ಯಾಂಡಲನ್ನು ಎಡಗಡೆ ಪೂರ್ತಿ, ಬಲಗಡೆ ಪೂರ್ತಿ ನಿಧಾನವಾಗಿ ತಿರುಗಿಸಿ. ಎಂಜಿನ್ನಿನ ದನಿ ಒಂದು ಚೂರೂ ಏರಬಾರದು. ಏರಿದರೆ ಆಕ್ಸಿಲರೇಟರ್ ಕೇಬಲ್ಲು ಎಲ್ಲೋ ಎಳೆದುಕೊಳ್ಳುತ್ತಿದೆ. ಕಿರಿದಾದ ತಿರುವಿನಲ್ಲಿ ಗಾಡಿ ತಾನೇ ಮುಂದಕ್ಕೆ ನುಗ್ಗುತ್ತದೆ. ಕ್ಲಚ್ಚು, ಬ್ರೇಕು, ವೈರಿಂಗೂ ಹಾಗೇ ಸಡಿಲವಾಗಿ ತಿರುಗಬೇಕು. ವೈರಿಂಗಿನಲ್ಲಿ ಫ್ಯೂಸ್ ಇದೆಯೇ ಅಂತ ಕೇಳಿ. ಹಳೇ ಜಾವಾದ 6 ವೋಲ್ಟಿನ ತೆಳ್ಳನೆಯ ತಂತಿಗೆ ಹೊಸ ಹಾರನ್ನು, ಫಾಗ್ ಲೈಟು ನೇರ ಸಿಕ್ಕಿಸಿದರೆ ಮೊದಲು ಕರಗುವುದು ತಂತಿಯ ಪ್ಲಾಸ್ಟಿಕ್ಕು, ಅದು ಹಾದುಹೋಗುವುದು ಟ್ಯಾಂಕಿನ ಕೆಳಗೆ.

ಹಣದ ಮಾತು ಚುಟುಕಾಗಿ ಹೇಳುತ್ತೇನೆ. ಗಾಡಿ ಕೊಂಡಷ್ಟೇ ಹಣ ಮತ್ತೆ ಹೋಗುತ್ತದೆ ಅಂದುಕೊಳ್ಳಿ, ಅದಕ್ಕಿಂತ ಹೆಚ್ಚಾದರೆ ಆಶ್ಚರ್ಯಪಡಬೇಡಿ. ಒಂದೇ ಸಲ ಕೊಡಬೇಡಿ, ತಿಂಗಳಿಗೆ ಇಷ್ಟು ಅಂತ ಗೊತ್ತು ಮಾಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿ ಸಾಲಿನಲ್ಲೋ ಒಂದು ಭಾಗ ಹುಡುಕಿಕೊಂಡು ಅರ್ಧ ದಿನ ಅಲೆದು ಬಂದವನಿಗೆ ಅದರ ಬೆಲೆ ಗೊತ್ತಿರುತ್ತದೆ. ಮೊದಲ ಸಲ ನೀವೂ ಜೊತೆಗೆ ಹೋಗಿ, ಖುಷಿಯ ಜಾಗ ಅದು. ಅಸಲಿಗೂ ನಕಲಿಗೂ ವ್ಯತ್ಯಾಸ ತೋರಿಸುವ ಅಂಗಡಿಯವರು ಅಲ್ಲಿ ಇನ್ನೂ ಇದ್ದಾರೆ. ಓದಿನ ವಿಷಯವಾಗಿ ನನಗೆ ಒಂದೇ ನಿಲುವು: ಎರಡನೇ ಪಿಯುಸಿ ವರ್ಷ ಬೈಕು ಬೇಡ. ಬಿಚ್ಚಿದ ಗಾಡಿ ಕಣ್ಣೆದುರಿಗಿದ್ದರೆ ಪುಸ್ತಕದ ಮುಂದೆ ಕೂರಲು ಯಾವ ಹುಡುಗನಿಗೂ ಆಗುವುದಿಲ್ಲ. ನನಗೂ ಆಗುತ್ತಿರಲಿಲ್ಲ.

ವಯಸ್ಸಿನ ಬಗ್ಗೆ ಗೊಂದಲವಿರುವುದರಿಂದ ಹೇಳುತ್ತೇನೆ. ಹದಿನಾರಕ್ಕೆ ಸಿಗುವ ಲೈಸೆನ್ಸು 50 ಸಿಸಿಯವರೆಗಿನ ಗಾಡಿಗೆ ಮಾತ್ರ. ಯೆಜ್ಡಿಯದು 250 ಸಿಸಿ ವರ್ಗದ ಎಂಜಿನ್, ಆರ್‌ಎಕ್ಸ್‌ನದು 98 ಸಿಸಿ. ಎರಡಕ್ಕೂ ಹದಿನೆಂಟು ತುಂಬಿರಬೇಕು. ಹದಿನಾರರ ಹುಡುಗ ಗಾಡಿ ಬಿಚ್ಚಬಹುದು, ಜೋಡಿಸಬಹುದು, ಕಿಕ್ ಹೊಡೆದು ಸ್ಟಾರ್ಟ್ ಮಾಡಬಹುದು, ಗೇಟಿನಿಂದಾಚೆ ಓಡಿಸುವ ಹಾಗಿಲ್ಲ. ಓಡಿಸಿ ಸಿಕ್ಕಿಬಿದ್ದರೆ 199ಎ ಕಲಮಿನ ಪ್ರಕಾರ ತಪ್ಪಿತಸ್ಥರು ಪೋಷಕರು ಅಥವಾ ಗಾಡಿಯ ಮಾಲೀಕರು: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. “ಬೀದಿ ಕೊನೆಯವರೆಗೆ ಒಂದು ರೌಂಡು ಅಷ್ಟೇ ಅಪ್ಪಾ” ಅನ್ನುವ ಮಾತಿಗೆ ಮನಸ್ಸು ಕರಗುವುದು ಸಹಜ. ನನ್ನ ಮಗನ ವಿಷಯದಲ್ಲಿ ನನ್ನದೂ ಕರಗಿತ್ತು. ಮನೆಯವಳು ಕೀಲಿಕೈ ಅಕ್ಕಿ ಡಬ್ಬದಲ್ಲಿ ಮುಚ್ಚಿಟ್ಟದ್ದರಿಂದ ಉಳಿದೆ.

ಮೊದಲ ಸವಾರಿ ಖಾಲಿ ಮೈದಾನದಲ್ಲಿ, ಹಗಲು, ಒಣ ನೆಲದ ಮೇಲೆ. ಐಎಸ್‌ಐ ಗುರುತಿನ ಹೆಲ್ಮೆಟ್ಟು, ಶೂ, ಉದ್ದ ತೋಳಿನ ದಪ್ಪ ಅಂಗಿ. ಹಿಂದೆ ತಮ್ಮನನ್ನೋ ತಂಗಿಯನ್ನೋ ಕೂರಿಸಬಾರದು. ಮೊದಲ ಅರ್ಧ ಗಂಟೆ ಬರೀ ನಿಲ್ಲಿಸುವುದನ್ನೇ ಅಭ್ಯಾಸ ಮಾಡಲಿ. ಮನೆಗೆ ತಂದ ಮೇಲೆ ಎಲ್ಲ ನಟ್ಟುಗಳನ್ನೂ ಇನ್ನೊಂದು ಸಲ ಬಿಗಿ ನೋಡಬೇಕು. ಹೊಸದಾಗಿ ಜೋಡಿಸಿದ ಗಾಡಿ ಮೊದಲ ಐವತ್ತು ಕಿಲೋಮೀಟರಿನಲ್ಲಿ ಅಲುಗಿ ಅಲುಗಿ ತನ್ನ ಜಾಗಕ್ಕೆ ಕೂರುತ್ತದೆ.

ಆ ಯೆಜ್ಡಿ ಹುಡುಗನ ಗಾಡಿ ಯುಗಾದಿಯ ಹೊತ್ತಿಗೆ ಮುಗಿಯಿತು. ಗ್ರೈಂಡರು ಸೈಟಿಗೆ ವಾಪಸ್ ಹೋಗಿತ್ತು, ಫ್ರೇಮು ಇಡಿಯಾಗಿತ್ತು, ಮೇಲೆ ಅವನೇ ರಟ್ಟಿನಲ್ಲಿ ಅಳತೆ ತೆಗೆದು ಮಾಡಿಸಿದ ಒಂಟಿ ಸೀಟು ನಾಲ್ಕು ಬೋಲ್ಟಿನ ಮೇಲೆ ಕೂತಿತ್ತು. ಅಪ್ಪ ಫೋನ್ ಮಾಡಿ ಕರೆದಿದ್ದರು, ಪೂಜೆ ಮಾಡಿ ಓಡಿಸುವುದೊಂದೇ ಬಾಕಿ ಅಂತ. ಹೋದವನು ಮೊದಲು ಇಡ್ಲಿ ತಟ್ಟೆ ನೋಡಿದೆ. ಮೂರನೇ ಗುಳಿಯಲ್ಲಿ ಒಂದು ಸ್ಪ್ರಿಂಗ್ ವಾಷರು ಉಳಿದಿತ್ತು. “ಅದು ಎಕ್ಸ್‌ಟ್ರಾ ಇರ್ಬೇಕು ಸರ್” ಅಂದ. ಕಂಪನಿಯವರು ಎಕ್ಸ್‌ಟ್ರಾ ಹಾಕಿ ಕಳಿಸುವುದಿಲ್ಲಪ್ಪ ಅಂದೆ. ಮೊಬೈಲ್ ತೆಗೆದು ಹಿಂದಿನಿಂದ ಒಂದೊಂದು ಫೋಟೋ ನೋಡುತ್ತ ಹೋದ. ನೂರಾ ನಲವತ್ತನೆಯದೋ ಏನೋ ಇರಬೇಕು, ಮುಂದಿನ ಬ್ರೇಕಿನ ಆಂಕರ್ ಬೋಲ್ಟಿನ ಹತ್ತಿರ ಬೆರಳಿಟ್ಟು ಸುಮ್ಮನಾದ. ಅಪ್ಪ ಆರತಿ ತಟ್ಟೆ ಕೆಳಗಿಟ್ಟು, ಕೀಲಿಕೈ ತೆಗೆದು ಜೇಬಿಗೆ ಹಾಕಿಕೊಂಡು, ಹದಿನಾಲ್ಕರ ಸ್ಪ್ಯಾನರ್ ಎಲ್ಲಿದೆಯೋ ಅಂತ ಕೇಳಿದರು.